ಏಕಾಂತ ಬೇರೆ, ಒಂಟಿತನ ಬೇರೆ



ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಹಾವೇರಿ ಸೀಮೆಯ ದಂಪತಿಗಳಿಬ್ಬರು ನಮ್ಮ ಮನೆಗೆ ಬಂದಿದ್ದರು. ನಮಗೆ ಬಹುಕಾಲದಿಂದ ಪರಿಚಿತವಾದ ಒಕ್ಕಲುತನದ ಮನೆತನ. ಶ್ರಾವಣ ಮಾಸದಲ್ಲಿ ಅವರ ಊರಿಗೆ ಪುರಾಣ ಹೇಳಲು ಹೋಗುತ್ತಿದ್ದ ದಿನಗಳಲ್ಲಿ ಆ ಮನೆಯಲ್ಲಿ ಪ್ರಸಾದ ಸ್ವೀಕರಿಸಿದವರು ನಾವು. ಅವರ ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಪದವಿ ಮುಗಿಸಿ, ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ತೆರಳಿ ಆಗ ಒಂದು ವರ್ಷ ಮೇಲೆ ಎರಡು ತಿಂಗಳಾಗಿತ್ತು. ಕುಶಲೋಪರಿ ಮುಗಿದು, ತಂದಿದ್ದ ಬಾಳೆಹಣ್ಣನ್ನು ಮುಂದಿಟ್ಟ ಮೇಲೆ ಆ ತಾಯಿ ಮೆಲ್ಲನೆ ಬಾಯಿಬಿಟ್ಟರು:

"ಮೊದಮೊದಲ ದಿನಾ ಫೋನ್ ಹಚ್ಚಿ ಅದನ್ನ ತೋರಸ್ತಿದ್ದ, ಇದನ್ನ ತೋರಸ್ತಿದ್ದ. ಈಗ 'ಆರಾಮ ಅದೀನವ್ವಾ, ಉಂಡೇನಿ' ಅಂದು ಇಟ್ಟಬಿಡ್ತಾನ್ರಿ. ಮುಖಾ ತೋರಸೋ ಅಂದ್ರ ನೆಟ್ ಸರಿ ಇಲ್ಲ ಅಂತಾನ. ನಾವು ಕೊಟ್ಟ ಸಂಸ್ಕಾರದಾಗ ಏನರೆ ಕಡಿಮಿ ಬಿತ್ತೇನ್ರಿ, ಶಾಸ್ತ್ರಿಗಳ?"

ತಂದೆ ಏನನ್ನೂ ಹೇಳಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು, ಬ್ಯಾಂಕಿನ ಸಾಲಕ್ಕೆ ಹೊಲದ ಕಾಗದಪತ್ರಗಳನ್ನು ಇಟ್ಟಿರುವುದಾಗಿ ಮಾತ್ರ ತಿಳಿಸಿದರು.

ಮರುದಿನ ನಾವೇ ಆ ಹುಡುಗನಿಗೆ ಫೋನು ಮಾಡಿಸಿದೆವು. ಹತ್ತು ನಿಮಿಷ ಆತನೂ ನಮಗೆ 'ಆರಾಮ ಅದೀನ್ರಿ' ಎಂದೇ ಹೇಳಿದ. ಆಮೇಲೆ ನಿಧಾನವಾಗಿ ಕಟ್ಟೆಯೊಡೆಯಿತು. "ಊಟಕ್ಕ ತ್ರಾಸಿಲ್ರಿ, ಥಂಡಿನೂ ರೂಢಿ ಆಗೇತಿ. ಆದ್ರ ನಾ ಇಲ್ಲೆ ಇದ್ರೂ ಯಾರಿಗೂ ಗೊತ್ತಿಲ್ಲ, ಇರದಿದ್ರೂ ಗೊತ್ತಾಗೂದಿಲ್ರಿ. ಹೋದ ತಿಂಗಳ ಮೂರು ದಿನಾ ಜ್ವರ ಬಂದು ಬಿದ್ದಿದ್ನಿ. ನಾಕನೇ ದಿನಾ ಹೊರಗ ಬಂದಾಗ 'ಎಲ್ಲಿದ್ದೀಪಾ' ಅಂತ ಒಬ್ರೂ ಕೇಳಲಿಲ್ಲ. ಅವ್ವಗ ಇದನ್ನ ಹೇಳಬ್ಯಾಡ್ರಿ" ಎಂದನು. ನಾವು ಹೇಳಲಿಲ್ಲ. ಆತನೇ ಹೇಳಬೇಕೆಂದು ಹೇಳಿದೆವು. ಎರಡು ವಾರಗಳ ನಂತರ ಹೇಳಿದನು. ಇದನ್ನು ಇಲ್ಲಿ ಬರೆಯುತ್ತಿರುವುದೂ ಆ ಮೂವರ ಒಪ್ಪಿಗೆಯಿಂದಲೇ.

ಇದು ಒಂದು ಮನೆಯ ಸಂಗತಿಯಾಗಿದ್ದರೆ ಈ ಅಂಕಣದಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ನಮ್ಮ ಓದುಗ ಕುಟುಂಬಗಳಲ್ಲಿ ಒಂದಲ್ಲ ಒಂದು ಮಗು ಹೊರದೇಶದಲ್ಲಿ ಓದುತ್ತಿರುವ ಮನೆಗಳು ಈಗ ವಿರಳವೇನಲ್ಲ. ಅಮೆರಿಕದ ಸಂಸ್ಥಾನಗಳಲ್ಲಿ 2023-24ನೆಯ ಸಾಲಿನಲ್ಲಿ ಭಾರತದಿಂದ ಹೋದ ವಿದ್ಯಾರ್ಥಿಗಳು 3,31,602 ಮಂದಿ. ಆ ವರ್ಷ ನಮ್ಮವರ ಸಂಖ್ಯೆ ಚೀನೀಯರದನ್ನು ಮೀರಿತು. ಜರ್ಮನಿಯಲ್ಲಿಯೂ 2023-24ರ ಚಳಿಗಾಲದ ಅವಧಿಯಲ್ಲಿ ಭಾರತೀಯ ವಿದ್ಯಾರ್ಥಿಗಳು 49 ಸಾವಿರಕ್ಕೂ ಮಿಕ್ಕಿದ್ದರು. ಹೊರದೇಶದವರ ಪೈಕಿ ಅವರದೇ ದೊಡ್ಡ ಗುಂಪು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಬೋಧನಾ ಶುಲ್ಕವಿಲ್ಲವೆಂಬುದೇ ಮಧ್ಯಮ ವರ್ಗದ ನಮ್ಮ ಜನರನ್ನು ಅತ್ತ ಸೆಳೆಯುವ ಮುಖ್ಯ ಕಾರಣ. ಆದರೆ ವೀಸಾಕ್ಕೆ ಮುನ್ನ ಒಂದು ವರ್ಷದ ಜೀವನವೆಚ್ಚವನ್ನು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಗೊತ್ತುಪಡಿಸಿದಂತೆ ಅದು 11,904 ಯೂರೋ, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಆ ಹಣವನ್ನು ಒಂದು ವಿಶೇಷ ಖಾತೆಯಲ್ಲಿ ತುಂಬಿದರೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಓದು ಪುಕ್ಕಟೆಯಾದರೂ ಹೊಲ ಒತ್ತೆ ಬೀಳುವುದು ಹೀಗೆ. ತನ್ನ ಕೋಣೆಯ ಬಾಡಿಗೆ ತಂದೆಯ ಎರೆಹೊಲದಿಂದ ಬರುತ್ತಿದೆಯೆಂದು ಬಲ್ಲ ಮಗನು 'ನನಗೆ ಇಲ್ಲಿ ಮನಸ್ಸು ಹತ್ತುತ್ತಿಲ್ಲ' ಎಂಬ ಮಾತನ್ನು ಹೇಗೆ ಆಡಿಯಾನು?

ಪರದೇಶಕ್ಕೆ ಹೋದವನ ಮನಸ್ಸು ಹೇಗೆ ಏರಿಳಿಯುತ್ತದೆಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಹಿಂದೆಯೇ ಅಭ್ಯಾಸ ಮಾಡಿದ್ದಾರೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ ಎಂಬವರು 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು 'ಕಲ್ಚರ್ ಶಾಕ್' ಎಂದು ಕರೆದು, ಅದರ ಹಂತಗಳನ್ನು ವಿವರಿಸಿದರು. ಮೊದಲು ಎಲ್ಲವೂ ಸೊಗಸು. ಹೊಸ ಮದುವಣಿಗನ ಹುರುಪು. ಬಳಿಕ ಎಲ್ಲದರ ಮೇಲೂ ಜುಗುಪ್ಸೆ. ನಂತರ ಮೆಲ್ಲಗೆ ಚೇತರಿಕೆ, ಕೊನೆಗೆ ಹೊಂದಾಣಿಕೆ. ಇದಕ್ಕೂ ಮೊದಲು, 1955ರಲ್ಲಿ, ನಾರ್ವೆಯ ಸ್ವೆರ್ರೆ ಲಿಸ್‌ಗಾರ್ಡ್ ಅವರು ಅಮೆರಿಕೆಯಲ್ಲಿ ಇದ್ದುಬಂದ ಸುಮಾರು ಇನ್ನೂರು ಮಂದಿ ತಮ್ಮ ದೇಶಬಾಂಧವರನ್ನು ವಿಚಾರಿಸಿದಾಗ, ಆರು ತಿಂಗಳೊಳಗೆ ಮರಳಿದವರಿಗಿಂತಲೂ ಹದಿನೆಂಟು ತಿಂಗಳು ಮೀರಿ ಇದ್ದವರಿಗಿಂತಲೂ, ಈ ಎರಡರ ನಡುವಿನ ಅವಧಿಯವರೇ ಹೆಚ್ಚು ಒದ್ದಾಡಿದ್ದು ಕಂಡುಬಂದಿತು. ನಮ್ಮ ಹಾವೇರಿಯ ಹುಡುಗ ಹದಿನಾಲ್ಕನೆಯ ತಿಂಗಳಲ್ಲಿದ್ದನು! ಇದು ಎಲ್ಲರಿಗೂ ಒಪ್ಪುವ ಪಂಚಾಂಗವೇನೂ ಅಲ್ಲ. ಮೊದಲ ವಾರಗಳಲ್ಲಿಯೇ ಹೆಚ್ಚು ನೋಯುವವರೂ ಉಂಟೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಆದರೂ ಆ ತಾಯಿಗೆ ಇದನ್ನು ತಿಳಿಸಿದಾಗ ಅರ್ಧ ಭಾರ ಇಳಿದಂತಾಯಿತು. ಸಂಸ್ಕಾರದ ಕೊರತೆಯಿಂದ ಮಗ ಹೀಗಾಗಿಲ್ಲ, ನಾರ್ವೆ ದೇಶದವರಿಗೂ ಹೀಗೆಯೇ ಆಗಿತ್ತೆಂಬುದು ಅವರಿಗೆ ದೊಡ್ಡ ಸಮಾಧಾನ.

ಜರ್ಮನಿಯ ವಿಷಯದಲ್ಲಿ ಕೆಲವು ಸಂಗತಿಗಳನ್ನು ಹುಡುಗನಿಂದಲೇ ಕೇಳಿ ತಿಳಿದೆವು. ತರಗತಿಗಳು ಆರಂಭವಾಗುವುದು ಅಕ್ಟೋಬರ್‌ನಲ್ಲಿ. ಅದೇ ತಿಂಗಳ ಕೊನೆಯ ಭಾನುವಾರ ದೇಶವೆಲ್ಲ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತದೆ. ಡಿಸೆಂಬರ್ ಹೊತ್ತಿಗೆ ಸಾಯಂಕಾಲ ನಾಲ್ಕರ ಸುಮಾರಿಗೇ ಸೂರ್ಯಾಸ್ತ. ತಾಯಿ ಕೆಲಸವನ್ನೆಲ್ಲ ಮುಗಿಸಿ ಇಲ್ಲಿ ರಾತ್ರಿ ಒಂಬತ್ತಕ್ಕೆ ಫೋನು ಹಚ್ಚಿದರೆ ಅಲ್ಲಿ ಇನ್ನೂ ನಾಲ್ಕೂವರೆ. ಆದರೆ ಕಿಟಕಿಯಾಚೆ ಆಗಲೇ ಕಗ್ಗತ್ತಲೆ. ಭಾನುವಾರ ಅಂಗಡಿ ಮುಂಗಟ್ಟುಗಳು ಕಾಯಿದೆಯಂತೆ ಮುಚ್ಚಿರುತ್ತವೆ. ಸಂತೆ, ಜಾತ್ರೆ, ಮದುವೆ ಎಂದು ರಜೆಯ ದಿನವೇ ಗಜಿಬಿಜಿಯಾಗಿರುವ ನಾಡಿನಿಂದ ಹೋದವನಿಗೆ ಆ ನಿರ್ಜನ ಬೀದಿಗಳು ಊರಿಗೆ ಊರೇ ಬಿಟ್ಟುಹೋದಂತೆ ಕಂಡರೆ ಆಶ್ಚರ್ಯವಿಲ್ಲ. ರಾತ್ರಿ ಹತ್ತರ ಮೇಲೆ ಸಪ್ಪಳ ಕೂಡದು. ಒಬ್ಬರ ಮನೆಗೆ ಹೋಗಬೇಕಾದರೆ ಮುಂಚಿತವಾಗಿ ದಿನವೇಳೆ ಗೊತ್ತುಮಾಡಿಕೊಳ್ಳಬೇಕು, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ನಮ್ಮಲ್ಲಿ 'ಹಾಂಗ ಬಂದಿದ್ವಿ' ಎಂದು ಒಳಗೆ ಬರುವುದೇ ಆತ್ಮೀಯತೆಯ ಗುರುತು.

ಇವುಗಳನ್ನೆಲ್ಲ ನಮ್ಮ ಹುಡುಗನು ಆ ಜನರ ತಿರಸ್ಕಾರವೆಂದೇ ಬಗೆದಿದ್ದನು. ಪಕ್ಕದ ಕೋಣೆಯ ಜರ್ಮನ್ ವಿದ್ಯಾರ್ಥಿ ಮೂರು ದಿನ ಬಾಗಿಲು ಬಡಿಯದಿದ್ದುದಕ್ಕೆ ಕಾರಣ, ಒಬ್ಬನ ಬಾಗಿಲು ಬಡಿಯುವುದು ಆತನಿಗೆ ತೊಂದರೆ ಕೊಟ್ಟಂತೆ ಎಂಬ ಅವರ ಮರ್ಯಾದೆಯ ಕಲ್ಪನೆಯೂ ಆಗಿರಬಹುದಲ್ಲವೆ? ಒಂದು ಸಾಮ್ಯವನ್ನೂ ಇಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಎದುರಿನವರನ್ನು ಕರೆಯಲು ಇರುವುದು ಒಂದೇ ಪದ. ಜರ್ಮನ್ ಭಾಷೆಯಲ್ಲಿ ನಮ್ಮಂತೆಯೇ ನೀನು ಮತ್ತು ನೀವು ಎರಡೂ ಇವೆ; 'ಡೂ' ಎಂದರೆ ನೀನು, 'ಝೀ' ಎಂದರೆ ನೀವು. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಏಕವಚನ ಬಳಸುತ್ತಾರೆ, ಗುರುಗಳಿಗೆ ಬಹುವಚನ. ಕನ್ನಡಿಗನಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಪಾಠಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತವೆಂಬ ಕಾರಣಕ್ಕೆ ನಮ್ಮ ಹುಡುಗರು ಜರ್ಮನ್ ಕಲಿಯುವುದನ್ನು ಮುಂದೂಡುತ್ತಾರೆ. ತರಗತಿ ಇಂಗ್ಲಿಷಿನಲ್ಲಿರಬಹುದು, ಊಟದ ಮನೆಯ ನಗೆಮಾತು, ಬಟ್ಟೆ ಒಗೆಯುವ ಕೋಣೆಯ ಹರಟೆ, ಬಸ್ಸಿನಲ್ಲಿ ಕುಳಿತ ಮುದುಕಿಯ ಗೊಣಗಾಟ ಇವೆಲ್ಲ ಆ ನಾಡಿನ ನುಡಿಯಲ್ಲಿಯೇ ಇರುತ್ತವೆ. ಮನುಷ್ಯರ ಸ್ನೇಹ ಹುಟ್ಟುವುದು ಅಂಥಲ್ಲಿ.

ಈ ಮಾತಿಗೆ ದೃಷ್ಟಾಂತ ನಮ್ಮ ಧಾರವಾಡದಲ್ಲಿಯೇ ಇದೆ. ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಶನ್ನಿನ ವತಿಯಿಂದ ಕನ್ನಡ ನಾಡಿಗೆ ಬಂದದ್ದು 1853ರಲ್ಲಿ. ಆಗ ಆತನಿಗೆ ಇಪ್ಪತ್ತೊಂದರ ಹರೆಯ. ಇಂದು ನಾವು ವಿಮಾನ ಹತ್ತಿಸಿ ಕಳುಹಿಸುವ ಮಕ್ಕಳ ವಯಸ್ಸೇ. ಫೋನಿಲ್ಲ, ಮನೆಯಿಂದ ಪತ್ರ ಬರಲು ತಿಂಗಳುಗಳು. ಕನ್ನಡಿಗರ ನಡುವೆ ಕನ್ನಡಿಗನಾಗಿ ಬಾಳಬೇಕೆಂಬ ಆತನ ಹಂಬಲ ಸ್ವಂತ ಮಿಶನ್ನಿನ ಹಿರಿಯರಿಗೂ ಅಷ್ಟಾಗಿ ಹಿಡಿಸಲಿಲ್ಲ. ಹೀಗೆ ಇತ್ತ ಪರಕೀಯ, ಅತ್ತಲೂ ಬೇರೆಯಾಗಿದ್ದ ಆ ತರುಣನಿಗೆ ಆಸರೆಯಾದದ್ದು ಇಲ್ಲಿಯ ನುಡಿ. ಪಂಡಿತರ ಬಳಿ ಕುಳಿತನು, ಹಳ್ಳಿಗರ ಮಾತಿಗೆ ಕಿವಿಗೊಟ್ಟನು. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ಛಂದೋಂಬುಧಿಯನ್ನೂ ಸಂಪಾದಿಸಿಕೊಟ್ಟು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದನು. ನಮ್ಮ ಮಕ್ಕಳು ನಿಘಂಟು ಬರೆಯಬೇಕೆಂದು ಯಾರೂ ಹೇಳುತ್ತಿಲ್ಲ. ದಿನಕ್ಕೆ ಹತ್ತು ಪದ ಕಲಿತರೆ ಸಾಕು.

ಆಹಾರದ ಪ್ರಶ್ನೆ ನಮ್ಮ ಸಮಾಜದ ಮನೆಗಳಲ್ಲಿ ಮೊದಲು ಏಳುತ್ತದೆ. ಮಗ ಹೊರಟಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳ ಗಂಟು ಕಟ್ಟಿದ ತಾಯಂದಿರೆಷ್ಟೋ! ಅದು ಎರಡು ತಿಂಗಳಲ್ಲಿ ಮುಗಿಯುತ್ತದೆ. ನಿಯಮವನ್ನು ಉಳಿಸಿಕೊಂಡರೆ ಮಗ ಒಂಟಿಯಾಗುತ್ತಾನೆ, ಬಿಟ್ಟರೆ ಕೈತಪ್ಪಿ ಹೋಗುತ್ತಾನೆ ಎಂಬ ಎರಡು ಭಯಗಳ ನಡುವೆ ಹಿರಿಯರು ತೊಳಲುತ್ತಾರೆ. ಇಂಥವರಿಗೆ ನಾವು ಮಹಾತ್ಮಾ ಗಾಂಧಿಯವರ ಆತ್ಮಕಥೆಯ ಲಂಡನ್ನಿನ ಅಧ್ಯಾಯಗಳನ್ನು ಓದಲು ಹೇಳುತ್ತೇವೆ. 1888ರ ಸೆಪ್ಟೆಂಬರ್‌ನಲ್ಲಿ ಹಡಗು ಹತ್ತಿದಾಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಸಮುದ್ರ ದಾಟಿದ್ದಕ್ಕೆ ಜಾತಿಯವರ ಬಹಿಷ್ಕಾರ, ತಾಯಿಗೆ ಕೊಟ್ಟ ಪ್ರತಿಜ್ಞೆ, ರುಚಿಯಿಲ್ಲದ ಬೇಯಿಸಿದ ತರಕಾರಿ, ರಾತ್ರಿಯಾದರೆ ಮನೆಯ ನೆನಪಿನಿಂದ ಕಣ್ಣೀರು. ಇಂಗ್ಲಿಷರಂತಾಗಬೇಕೆಂದು ನೃತ್ಯ, ಪಿಟೀಲು ಕಲಿಯಲು ಹೋಗಿ ಕೆಲವೇ ತಿಂಗಳಲ್ಲಿ ಬಿಟ್ಟರು. ಅವರಿಗೆ ಸ್ನೇಹಿತರು ದೊರೆತದ್ದು ಆ ಮಾರ್ಗದಿಂದಲ್ಲ. ಫ್ಯಾರಿಂಗ್ಡನ್ ರಸ್ತೆಯಲ್ಲಿ ಕಣ್ಣಿಗೆ ಬಿದ್ದ ಸಸ್ಯಾಹಾರದ ಊಟದ ಮನೆ, ಅಲ್ಲಿಂದ ಸಸ್ಯಾಹಾರಿಗಳ ಸಂಘ, ಅಲ್ಲಿಂದ ತಾವು ವಾಸವಾಗಿದ್ದ ಬಡಾವಣೆಯಲ್ಲಿ ತಾವೇ ಕಟ್ಟಿದ ಪುಟ್ಟ ಮಂಡಳಿ. ಯಾವ ನಿಯಮ ಅವರನ್ನು ಆ ಊರಿನಲ್ಲಿ ಬೇರೆಯಾಗಿಸಿತ್ತೋ ಅದೇ ನಿಯಮ ಅವರಿಗೆ ಆಂಗ್ಲ ಮಿತ್ರರನ್ನು ತಂದುಕೊಟ್ಟಿತು.

ಈಗ ನಮ್ಮ ಧರ್ಮದ ಕಡೆಯಿಂದ ಒಂದು ಮಾತು. ಹುಡುಗ ಸಂಕೋಚದಿಂದ ಇನ್ನೊಂದು ಸಂಗತಿಯನ್ನೂ ಹೇಳಿದ್ದನು. ಮೊದಲ ವರ್ಷ ಕೋಣೆಯಲ್ಲಿ ಮತ್ತೊಬ್ಬನಿದ್ದುದರಿಂದ ಆತನೆದುರು ಪೂಜೆಗೆ ಕೂಡಲು ನಾಚಿಕೆಯಾಗಿ ಕರಡಿಗೆಯನ್ನು ಪೆಟ್ಟಿಗೆಯೊಳಗೆ ಇಟ್ಟಿದ್ದನಂತೆ. ನಾವು ಬಯ್ಯಲಿಲ್ಲ. ಗುಡಿಯನ್ನು ಬಿಟ್ಟು ಹೋಗಬೇಕಾದವನಿಗೂ ದೇವರು ದೂರವಾಗಬಾರದೆಂದೇ ಶರಣರು ಅಂಗೈಯಲ್ಲಿ ಲಿಂಗವನ್ನು ಕೊಟ್ಟರು. ಹಾವೇರಿಯ ಜಗುಲಿಯ ಮೇಲೂ ಜರ್ಮನಿಯ ಮಂಚದ ಬದಿಯಲ್ಲೂ ಅದೇ ಅಂಗೈ, ಅದೇ ಲಿಂಗ. ಹದಿನೈದು ನಿಮಿಷ ದೃಷ್ಟಿಯನ್ನು ಅಲ್ಲಿ ನಿಲ್ಲಿಸಿ ಕುಳಿತವನು ತನ್ನೊಡನೆ ತಾನು ಇರಲು ಕಲಿಯುತ್ತಾನೆ. ಅದು ಏಕಾಂತ, ನಾವಾಗಿ ಆರಿಸಿಕೊಂಡದ್ದು, ಮನಸ್ಸನ್ನು ತುಂಬುವಂಥದು. ಒಂಟಿತನವಾದರೋ ನಮ್ಮ ಮೇಲೆ ಬಂದು ಬೀಳುವಂಥದು, ಮನಸ್ಸನ್ನು ಬರಿದುಮಾಡುವಂಥದು. ಪೂಜೆಯ ಅಭ್ಯಾಸವಿದ್ದವನಿಗೆ ಖಾಲಿ ಕೋಣೆಯ ಭಯ ಕಡಿಮೆಯೆಂಬುದು ನಮ್ಮ ಅನುಭವ.

ಆದರೆ ಪೂಜೆಯೊಂದರಿಂದಲೇ ಒಂಟಿತನ ಕಳೆಯುತ್ತದೆಂದು ನಾವು ಹೇಳಲಾರೆವು. ಇಷ್ಟಲಿಂಗವನ್ನು ಕೊಟ್ಟ ಶರಣರೇ ಅನುಭವ ಮಂಟಪವನ್ನೂ ಕಟ್ಟಿದರು. ಲಿಂಗದೊಡನೆ ಜಂಗಮವನ್ನೂ ದಾಸೋಹವನ್ನೂ ಇಟ್ಟರು. ಅಂಗೈಯ ಲಿಂಗ ಸಾಕಾಗಿದ್ದರೆ ದೂರದೂರದ ಸಾಧಕರು ಕಲ್ಯಾಣದವರೆಗೆ ನಡೆದು ಬರುವ ಪ್ರಮೇಯವೇ ಇರಲಿಲ್ಲ. 1973ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಒಂಟಿತನವನ್ನು ಕುರಿತ ಗ್ರಂಥದಲ್ಲಿ ಅದರ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಆಪ್ತರಾದ ಒಬ್ಬರಿಲ್ಲದ ನೋವು ಒಂದು. ತನ್ನದೆನ್ನುವ ಬಳಗವಿಲ್ಲದ ನೋವು ಇನ್ನೊಂದು. ಇವುಗಳಲ್ಲಿ ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ತಾಯಿ ದಿನಕ್ಕೆ ಮೂರು ಸಲ ಫೋನು ಮಾಡಿದರೂ ಮಗನ ಸಂಕಟ ಇಳಿಯದಿದ್ದುದರ ಗುಟ್ಟು ಇದು. ಆತನಿಗೆ ಪ್ರೀತಿಯ ಕೊರತೆ ಇರಲಿಲ್ಲ, ಪಂಕ್ತಿಯ ಕೊರತೆ ಇತ್ತು.

ಪಂಕ್ತಿಯೆಂದೊಡನೆ ನಮ್ಮ ಬಾಲ್ಯ ನೆನಪಾಗುತ್ತದೆ. ಹತ್ತರ ವಯಸ್ಸಿನಲ್ಲಿ ನಮ್ಮನ್ನು ಮಠದ ಉಚಿತ ಪ್ರಸಾದ ನಿಲಯಕ್ಕೆ ತಂದುಬಿಟ್ಟರು. ಊರು ಹದಿನೆಂಟೇ ಮೈಲಿ ದೂರ. ನಮ್ಮ ಪಾಲಿಗೆ ಅದೇ ಜರ್ಮನಿ. ರಾತ್ರಿ ಹೊದಿಕೆಯೊಳಗೆ ಅತ್ತೆವು. ನಮ್ಮಂತೆ ಅಳುವವರು ಇನ್ನೂ ಐದಾರು ಮಂದಿ ಇದ್ದರು. ಮೂರನೆಯ ದಿನ ಪ್ರಸಾದದ ಹೊತ್ತಿಗೆ ಅಡುಗೆಯ ಹಿರಿಯರು ನಮ್ಮನ್ನು ಕರೆದು, ಏನೂ ಕೇಳದೆ, ಕೈಗೆ ಮಜ್ಜಿಗೆಯ ಪಾತ್ರೆಯನ್ನೂ ಸೌಟನ್ನೂ ಕೊಟ್ಟು ಪಂಕ್ತಿಯಲ್ಲಿ ಬಡಿಸಲು ಹೇಳಿದರು. ಪಾತ್ರೆ ನಮ್ಮ ತೂಕಕ್ಕೆ ಮೀರಿದ್ದು; ಅರ್ಧ ಮಜ್ಜಿಗೆ ನೆಲದ ಪಾಲಾಯಿತು. ಆದರೆ ಮರುದಿನದಿಂದ ನೂರು ಹುಡುಗರಿಗೆ ನಾವು 'ಮಜ್ಜಿಗಿಯವ' ಆದೆವು. ಒಂದು ದಿನ ನೆಗಡಿಯಾಗಿ ಮಲಗಿದರೆ 'ಮಜ್ಜಿಗಿಯವ ಎಲ್ಲಿ?' ಎಂಬ ಕೂಗು ಎದ್ದಿತು. ಆ ಕೂಗನ್ನು ಕೇಳಿದ ಮೇಲೆ ಊರ ನೆನಪಿನಿಂದ ಅತ್ತದ್ದು ಕಡಿಮೆ. ಆ ಅಡುಗೆಯ ಹಿರಿಯರು ಮನಶ್ಶಾಸ್ತ್ರ ಓದಿದವರಲ್ಲ, ಹೆಬ್ಬೆಟ್ಟು ಒತ್ತುವವರು.

ಇದನ್ನು ಹುಡುಗನಿಗೆ ಹೇಳಿದಾಗ ಆತ ನಕ್ಕನು. ಆಮೇಲೆ ಒಂದು ಭಾನುವಾರ, ವಿದ್ಯಾರ್ಥಿ ನಿಲಯದ ಸಾಮೂಹಿಕ ಅಡುಗೆಮನೆಯಲ್ಲಿ ತನ್ನೊಬ್ಬನಿಗೆಂದು ಮಾಡುತ್ತಿದ್ದ ಉಪ್ಪಿಟ್ಟನ್ನು ಆರು ಜನರಿಗಾಗುವಷ್ಟು ಮಾಡಿ, 'ಯಾರಾದರೂ ತಿನ್ನಬಹುದು' ಎಂದು ಜರ್ಮನ್ ಭಾಷೆಯಲ್ಲಿ ತಪ್ಪುತಪ್ಪಾಗಿ ಚೀಟಿ ಬರೆದಿಟ್ಟನಂತೆ. ಇರಾನಿನ ಒಬ್ಬ ಹುಡುಗ, ವಿಯೆಟ್ನಾಮಿನ ಹುಡುಗಿಯೊಬ್ಬಳು ಬಂದರು. ಪಕ್ಕದ ಕೋಣೆಯ ಜರ್ಮನ್ ವಿದ್ಯಾರ್ಥಿ ಮೊದಲು ಚೀಟಿಯ ವ್ಯಾಕರಣ ತಿದ್ದಿ, ಬಳಿಕ ತಟ್ಟೆ ಹಿಡಿದನು. ಮುಂದಿನ ಸಲ ಮಾಡುವುದಾದರೆ ಎರಡು ದಿನ ಮೊದಲೇ ತಿಳಿಸಬೇಕೆಂದೂ ಹೇಳಿದನಂತೆ! ಆಸ್ಟ್ರೇಲಿಯದ ಸ್ಟೀಫನ್ ಬೋಕ್ನರ್ ಮತ್ತು ಸಂಗಡಿಗರು 1977ರಲ್ಲಿ ಹೇಳಿರುವಂತೆ ಹೊರನಾಡಿನ ವಿದ್ಯಾರ್ಥಿಗೆ ಮೂರು ಬಳಗಗಳಿರುತ್ತವೆ: ತನ್ನ ದೇಶದವರದು, ಆ ನಾಡಿನವರದು, ತನ್ನಂತೆ ಬೇರೆ ದೇಶಗಳಿಂದ ಬಂದವರದು. ಒಂದೊಂದರ ಪ್ರಯೋಜನ ಒಂದೊಂದು. ನಮ್ಮವರು ಮೊದಲನೆಯದರಲ್ಲೇ ನಿಂತುಬಿಡುವುದುಂಟು, ಅಥವಾ ಅದನ್ನೂ ವರ್ಷಕ್ಕೊಮ್ಮೆಯ ಬಸವ ಜಯಂತಿಗೆ ಮೀಸಲಿಡುವುದುಂಟು. 2015ರ ನವೆಂಬರ್‌ನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಾಗ ನಾವೂ ಹೆಮ್ಮೆಪಟ್ಟೆವು. ಆದರೆ ಹೊರನಾಡಿನ ನಮ್ಮ ಸಮಾಜದವರಲ್ಲಿ ನಮ್ಮ ಬಿನ್ನಹವಿಷ್ಟೆ: ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಸಮಾರಂಭದ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂರಿಸಬೇಡಿ, ಅವರ ಕೈಗೆ ಸೌಟು ಕೊಡಿ.

ಒಂದು ಎಚ್ಚರವನ್ನು ಇಲ್ಲಿಯೇ ಹೇಳಿಬಿಡಬೇಕು. ಮಗು ವಾರಗಟ್ಟಲೆ ನಿದ್ದೆಗೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ತರಗತಿಗೆ ಹೋಗುವುದನ್ನೇ ನಿಲ್ಲಿಸಿದ್ದರೆ, ಬದುಕೇ ಬೇಡವೆಂಬ ಮಾತು ಒಮ್ಮೆಯಾದರೂ ಬಾಯಿಂದ ಬಂದಿದ್ದರೆ, ಅದು ಉಪ್ಪಿಟ್ಟಿನಿಂದಲೋ ವಿಭೂತಿಯಿಂದಲೋ ಹೋಗುವಂಥದಲ್ಲ. ವೈದ್ಯರಿಗೆ ತೋರಿಸಬೇಕು. ಜರ್ಮನಿಯ ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಮನಸ್ಸಿನ ತೊಂದರೆಗೆ ಸಲಹೆ ಕೊಡುವವರಿದ್ದಾರೆ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಇಂಥ ಏರ್ಪಾಡು ಉಂಟು. ಇಲ್ಲಿರುವ ತಂದೆತಾಯಿಗಳು ತಮ್ಮ ದುಗುಡವನ್ನು ಹೇಳಿಕೊಳ್ಳಲು, ಭಾರತ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416ಕ್ಕೆ ಫೋನು ಮಾಡಿ ಪಡೆಯಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಾಲು ಮುರಿದರೆ ಮಠದ ಕಟ್ಟೆಯ ಮೇಲೆ ಕೂರುವುದಿಲ್ಲವಷ್ಟೆ.

ಇದುವರೆಗೆ ನಮ್ಮ ಮಕ್ಕಳನ್ನು ಕುರಿತು ಆಡಿದೆವು. ನಮ್ಮ ನಾಡಿಗೆ ಬಂದ ಪರದೇಶದ ಮಕ್ಕಳ ಗತಿಯೇನು? ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಆಫ್ರಿಕ, ಪಶ್ಚಿಮ ಏಷ್ಯಗಳ ಎಷ್ಟೋ ವಿದ್ಯಾರ್ಥಿಗಳು ನಮ್ಮ ನಡುವೆ ಬಾಡಿಗೆಗಿದ್ದಾರೆ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಯಾರೋ ಒಬ್ಬ ಆಫ್ರಿಕನ್ ಓಡಿಸುತ್ತಿದ್ದ ಕಾರಿನಿಂದ ಹೆಣ್ಣುಮಗಳೊಬ್ಬಳು ಸತ್ತಳೆಂದು ಉದ್ರಿಕ್ತರಾದ ಜನ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯ ದೇಶದ ವಿದ್ಯಾರ್ಥಿನಿಯ ಮೇಲೆ ಕೈಮಾಡಿದರು. ಬಣ್ಣವೊಂದೇ ಆಕೆಯ ಅಪರಾಧ. ಆ ಸುದ್ದಿಯನ್ನು ಓದಿದ ದಿನ ನಾವು ಪೂಜೆಗೆ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಆಕೆಯ ತಾಯಿಯೂ ದೂರದಲ್ಲೆಲ್ಲೋ ಫೋನು ಹಿಡಿದು ಕುಳಿತವಳೇ ತಾನೆ?

ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗ ಬರುತ್ತದೆ. ಅಫಘಾನಿಸ್ಥಾನದ ಕಡೆಯಿಂದ ಬಂದವರೆಂಬ ಪ್ರತೀತಿ ಅವರ ಬಗ್ಗೆ ಇದೆ. ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಸದ್ದಿಲ್ಲದೆ ಇದ್ದುಬಿಟ್ಟರು, ಯಾರೂ ಗುರುತಿಸಲಿಲ್ಲ. ಅಸಂಖ್ಯ ಜಂಗಮರಿಗೆ ನಿತ್ಯವೂ ದಾಸೋಹ ನಡೆಯುತ್ತಿದ್ದ ಮನೆ ಅದು, ಅಲ್ಲಿಯೇ ಹೀಗಾಯಿತು! ಕೊನೆಗೆ ಅಲ್ಲಮಪ್ರಭುಗಳು ಬಂದು ಬೊಟ್ಟುಮಾಡಿ ತೋರಿಸಬೇಕಾಯಿತು. ಮರುಳಶಂಕರದೇವರದು ಗುಪ್ತಭಕ್ತಿ, ತಾವಾಗಿ ಬಯಸಿದ ಏಕಾಂತ. ಅವರಿಗೆ ಯಾವ ಕೊರಗೂ ಇರಲಿಲ್ಲ. ಕೊರಗಿದವರು ಬಸವಣ್ಣನವರು. ತಮ್ಮ ಅಂಗಳದಲ್ಲಿದ್ದವನನ್ನು ತಾವೇ ಕಾಣದೆ ಹೋದೆವಲ್ಲ ಎಂಬ ಆ ಕೊರಗನ್ನು ನಾವು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದ್ದೇವೆ. ನಮ್ಮದೇ ಓಣಿಯ ಕೊನೆಯ ಮನೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಯೆಮೆನ್ ದೇಶದ ಹುಡುಗನ ಹೆಸರನ್ನು ಮಾತ್ರ ನಾವು ಒಮ್ಮೆಯೂ ಕೇಳಿದವರಲ್ಲ. ಆತ ಹೋದದ್ದು ಯಾವಾಗಲೆಂಬುದೂ ನಮಗೆ ತಿಳಿಯದು.

ಹಾವೇರಿಯ ಆ ತಾಯಿ ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಲು ಮತ್ತೆ ಬಂದಿದ್ದರು. 'ಊಟ ಆತೇನು?' ಎಂಬ ಪ್ರಶ್ನೆಗೆ ಮಗ 'ಹೂಂ' ಎಂದು ತಪ್ಪಿಸಿಕೊಳ್ಳಬಲ್ಲನು. ಅದರ ಬದಲು 'ಇವತ್ತ ಯಾರ ಜೋಡಿ ಉಂಡಿ?' ಎಂದು ಕೇಳಿನೋಡಿರೆಂದು ಹಿಂದಿನ ಸಲ ಹೇಳಿದ್ದೆವು. ಹಾಗೆಯೇ ಕೇಳುತ್ತಿದ್ದಾರಂತೆ. ಇರಾನಿನ ಹುಡುಗನ ಹೆಸರು, ಆತನ ತಂಗಿಯ ಮದುವೆಯ ಸಮಾಚಾರ, ಜರ್ಮನಿಯವನು ಪಾತ್ರೆ ತೊಳೆಯುವ ರೀತಿ, ಎಲ್ಲವೂ ಈಗ ಹಾವೇರಿಯ ಅಡುಗೆಮನೆಗೆ ಗೊತ್ತು. ಎಲ್ಲ ದಿನಗಳೂ ಹಾಗಿರುವುದಿಲ್ಲ.

"ಒಂದೊಂದ ದಿನಾ 'ಒಬ್ನ ಉಂಡೆವ್ವಾ' ಅಂತಾನ್ರಿ" ಎಂದರು. "ಅವತ್ತ ನಾನೂ ತಾಟ ಹಚ್ಗೊಂಡು ಫೋನ್ ಮುಂದ ಕುಂದರ್ತೀನಿ. ಇಬ್ರೂ ಮಾತಾಡೂದಿಲ್ಲ. ಅವ ಅಲ್ಲೆ ಇರ್ತಾನ, ನಾ ಇಲ್ಲೆ ಇರ್ತೀನಿ."